‘ಪರಾಶಕ್ತಿ’ ವಾಕ್ಚಿತ್ರ: ಒಂದು ಕುಟುಂಬಕಥೆಯ ರಚನೆ ಮತ್ತು ಅದರ ವಾಗ್ವಿಚಾರ

೧

ದ್ರಾವಿಡ ಭಾಷೆಗಳ ಆಧುನಿಕ ಗದ್ಯದ ಚರಿತ್ರೆಯನ್ನು ಬರೆಯಹೊರಟವರು ಪ್ರಾಯಶಃ ಮುದ್ರಿತ ಗ್ರಂಥಗಳನ್ನೂ ವೃತ್ತಪತ್ರಿಕೆಗಳನ್ನೂ ಮಾತ್ರವೇ ಆಕರಗಳನ್ನಾಗಿ ಇಟ್ಟುಕೊಳ್ಳುವರು. ತಮಿಳಿನ ವಿಷಯದಲ್ಲಿ ಈ ಕ್ರಮವು ಸಾಲದು. ೧೯೫೨ನೆಯ ಇಸವಿಯ ಅಕ್ಟೋಬರ್ ೧೭ರಂದು, ದೀಪಾವಳಿಯ ದಿನ, ಮದರಾಸು ಸಂಸ್ಥಾನದ ಚಿತ್ರಮಂದಿರಗಳಲ್ಲಿ ಪ್ರದರ್ಶಿತವಾದ ‘ಪರಾಶಕ್ತಿ’ ಎಂಬ ವಾಕ್ಚಿತ್ರದ ಸಂಭಾಷಣೆಗಳು ಪುಸ್ತಕರೂಪವಾಗಿ ಅಚ್ಚಾಗಿ ಮಾರಾಟವಾದುವು; ಧ್ವನಿಮುದ್ರಿಕೆಗಳ ಮೂಲಕ ಉತ್ಸವ ವಿವಾಹಾದಿ ಸಂದರ್ಭಗಳಲ್ಲಿ ಊರೂರಿನಲ್ಲಿಯೂ ಕೇಳಿಬಂದುವು. ಓದುಬಾರದವರು ಕೂಡ ಅವುಗಳನ್ನು ಕಂಠಸ್ಥ ಮಾಡಿಕೊಂಡರು. ನಟವೃತ್ತಿಯನ್ನು ಬಯಸಿ ಬಂದ ತರುಣರು ಬಹುಕಾಲದವರೆಗೆ ಅದರ ನ್ಯಾಯಸ್ಥಾನದ ಭಾಷಣವನ್ನೇ ಪರೀಕ್ಷಾಪಾಠವೆಂಬಂತೆ ಒಪ್ಪಿಸುತ್ತಿದ್ದರು. ಗದ್ಯವೊಂದು ಪದ್ಯದಂತೆ ಬಾಯಿಪಾಠವಾಗುವುದು ಯಾವ ಭಾಷೆಯಲ್ಲಿಯೂ ಅಪೂರ್ವವಾದ ಸಂಗತಿಯೇ ಸರಿ.

ಈ ಚಿತ್ರವನ್ನು ಕುರಿತು ಎರಡು ಬಗೆಯ ಅಭಿಪ್ರಾಯಗಳು ರೂಢಿಯಲ್ಲಿವೆ. ಅದು ಶಿವಾಜಿ ಗಣೇಶನ್ನರೆಂಬ ಮಹಾನಟರು ಮೊದಲು ತೆರೆಯ ಮೇಲೆ ಕಾಣಿಸಿಕೊಂಡ ಚಿತ್ರವೆಂದು ನೆನೆಯುವವರು ಒಂದು ಪಕ್ಷ. ದ್ರಾವಿಡ ಮುನ್ನೇಟ್ರ ಕಳಗಂ ಎಂಬ ರಾಜಕೀಯ ಪಕ್ಷದ ಪ್ರಚಾರಸಾಧನವೆಂದು ಎಣಿಸುವವರು ಇನ್ನೊಂದು ಪಕ್ಷ. ಎರಡನೆಯವರ ಮತದಲ್ಲಿ ಅಣ್ಣತಂಗಿಯರ ಕಥೆಯು ಉಪದೇಶವೆಂಬ ಔಷಧವನ್ನು ಕುಡಿಸುವುದಕ್ಕಾಗಿ ಬೆರೆಸಿದ ಬೆಲ್ಲ. ಈ ಎರಡರಲ್ಲಿಯೂ ಸತ್ಯಾಂಶವುಂಟು. ಆದರೆ ಎರಡೂ ಕೃತಿಯನ್ನು ಹೊರಗಿನಿಂದ ನೋಡಿದುವು. ಕುಟುಂಬದ ಕಥೆಯೂ ವಾದವೂ ಇಲ್ಲಿ ಎರಡಲ್ಲ. ಕುಟುಂಬಕ್ಕೆ ಒದಗಿದ ವಿಪತ್ತೇ ವಾದದ ಪ್ರಮಾಣ. ಹಿಂದಿನ ಕಾವ್ಯನಾಟಕಗಳಲ್ಲಿ ದೇವತೆಯು ವಹಿಸುತ್ತಿದ್ದ ಕಾರ್ಯವನ್ನು ಇಲ್ಲಿ ವಾಕ್ಕು ವಹಿಸಿದೆ. ಈ ಸಿದ್ಧಾಂತವನ್ನು ಚಿತ್ರದ ರಚನಾಚರಿತ್ರೆಯಿಂದಲೂ ವಸ್ತುವಿನಿಂದಲೂ ಸಾಧಿಸುವುದು ಈ ಲೇಖನದ ಉದ್ದೇಶ.

೨

ನಾಟ್ಯಶಾಸ್ತ್ರಕಾರನಾದ ಭರತಮುನಿಯು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕಗಳೆಂದು ನಾಲ್ಕಾಗಿ ವಿಭಾಗಿಸಿ, ಅವುಗಳಲ್ಲಿ ವಾಕ್ಕೇ ನಾಟ್ಯಕ್ಕೆ ಶರೀರಪ್ರಾಯವಾದುದರಿಂದ ಅದರಲ್ಲಿ ವಿಶೇಷ ಪ್ರಯತ್ನವು ಕರ್ತವ್ಯವೆಂದು ವಿಧಿಸಿರುವುದು ಪ್ರಸಿದ್ಧವಾಗಿದೆ. ತಮಿಳಿನ ವೃತ್ತಿರಂಗಭೂಮಿಯಾದರೋ ಈ ಶರೀರವನ್ನು ಗಾನದಿಂದಲೇ ಕಟ್ಟಿತ್ತು. ಶಂಕರದಾಸ ಸ್ವಾಮಿಗಳು (೧೮೬೭–೧೯೨೨) ರಚಿಸಿದ ನಾಟಕಗಳಲ್ಲಿ ಕಥೆಯು ಮುಂದುವರಿಯುವುದು ಹಾಡುಗಳಿಂದ. ಬಾಲಕರ ನಾಟಕಮಂಡಲಿಗಳು ಅವುಗಳನ್ನೇ ಅಭ್ಯಾಸಮಾಡಿ ಆಡುತ್ತಿದ್ದುವು. ೧೮೯೧ರಲ್ಲಿ ಸುಗುಣವಿಲಾಸ ಸಭೆಯನ್ನು ಸ್ಥಾಪಿಸಿದವರಲ್ಲಿ ಪ್ರಮುಖರಾದ ಪಮ್ಮಲ್ ಸಂಬಂಧ ಮೊದಲಿಯಾರರು ಗದ್ಯನಾಟಕಗಳನ್ನು ಬರೆದು ಈ ಪದ್ಧತಿಯನ್ನು ತಿದ್ದಿದರೂ, ಅವರ ಪ್ರಯತ್ನವು ವಿದ್ಯಾವಂತರ ವಿಲಾಸಿಸಂಘಗಳಲ್ಲಿ ಬೇರೂರಿದಷ್ಟು ಬೇಗ ಸಾಮಾನ್ಯಜನರ ರಂಗದಲ್ಲಿ ಬೇರೂರಲಿಲ್ಲ.

೧೯೩೧ರಲ್ಲಿ ‘ಕಾಳಿದಾಸ್’ ಎಂಬ ಚಿತ್ರದೊಡನೆ ತೆರೆಯ ಮೇಲೆ ತಮಿಳು ಕೇಳಿಬಂದಾಗ ಈ ಗಾನಪ್ರಧಾನವಾದ ಪದ್ಧತಿಯೇ ಅಲ್ಲಿಗೂ ಸಂಕ್ರಮಿಸಿತು. ವಾಕ್ಚಿತ್ರವೆಂಬ ಹೆಸರಿದ್ದರೂ ಅವುಗಳು ವಸ್ತುತಃ ಗೇಯಚಿತ್ರಗಳು. ಪೌರಾಣಿಕ ವಸ್ತುವೂ ಹತ್ತಾರು ಕೀರ್ತನೆಗಳೂ ಹಾಡಬಲ್ಲ ನಾಯಕನೂ ಇದ್ದರೆ ಚಿತ್ರವು ಸಿದ್ಧವಾಗುತ್ತಿತ್ತು. ನಡುವೆ ಬರುವ ಮಾತು ಒಂದು ಹಾಡಿನಿಂದ ಇನ್ನೊಂದಕ್ಕೆ ದಾಟಿಸುವ ಸೇತುವೆ ಮಾತ್ರ.

ಈ ಸೇತುವೆಯನ್ನೇ ದಾರಿಯನ್ನಾಗಿ ಮಾಡಿದವರಲ್ಲಿ ಮೊದಲು ಹೇಳತಕ್ಕವರು ಇಳಂಗೋವನ್ ಎಂಬ ಹೆಸರಿನಿಂದ ಬರೆಯುತ್ತಿದ್ದ ಸಂಭಾಷಣಕಾರರು. ೧೯೩೭ರ ‘ಅಂಬಿಕಾಪತಿ’ ಮತ್ತು ೧೯೪೨ರ ‘ಕಣ್ಣಗಿ’ ಚಿತ್ರಗಳಿಗೆ ಅವರು ಬರೆದ ಮಾತುಗಳಲ್ಲಿ ತಮಿಳು ಕಾವ್ಯಪರಂಪರೆಯ ಗಾಂಭೀರ್ಯವು ಗದ್ಯಕ್ಕೆ ಬಂದಿತು. ‘ಕಣ್ಣಗಿ’ಯಲ್ಲಿ ಪಿ. ಕಣ್ಣಾಂಬಾ ಅವರು ಪಾಂಡ್ಯರಾಜನ ಸಭೆಯಲ್ಲಿ ನಿಂತು ನುಡಿದ ಮಾತುಗಳನ್ನು ಕೇಳುವುದಕ್ಕಾಗಿಯೇ ಜನರು ಮತ್ತೆ ಮತ್ತೆ ಬರುತ್ತಿದ್ದರು. ಅನಂತರ ೧೯೪೯ರಲ್ಲಿ ಸಿ. ಎನ್. ಅಣ್ಣಾದುರೈಯವರು ‘ನಲ್ಲತಂಬಿ’ ಮತ್ತು ‘ವೇಲೈಕ್ಕಾರಿ’ ಚಿತ್ರಗಳಿಗೆ ಬರೆದು, ಸಭಾವೇದಿಕೆಯ ವಾಗ್ಮಿತೆಯನ್ನು ಸಮಕಾಲೀನ ಸಾಮಾಜಿಕ ವಸ್ತುವಿಗೆ ಜೋಡಿಸಿದರು. ಅದೇ ವರ್ಷದ ಸೆಪ್ಟೆಂಬರ್ ೧೭ರಂದು ಅವರ ನೇತೃತ್ವದಲ್ಲಿ ದ್ರಾವಿಡ ಮುನ್ನೇಟ್ರ ಕಳಗವು ಸ್ಥಾಪಿತವಾಯಿತು. ಆ ಪಕ್ಷದ ತರುಣ ಲೇಖಕರಾದ ಮು. ಕರುಣಾನಿಧಿಯವರು ೧೯೨೪ರಲ್ಲಿ ತಿರುಕ್ಕುವಳೈ ಗ್ರಾಮದಲ್ಲಿ ಜನಿಸಿ, ೧೯೪೭ರ ‘ರಾಜಕುಮಾರಿ’, ೧೯೫೦ರ ‘ಮಂತ್ರಿಕುಮಾರಿ’ ಮೊದಲಾದ ಚಿತ್ರಗಳಿಗೆ ಬರೆದು ಕೈ ಪಳಗಿಸಿಕೊಂಡಿದ್ದರು. ‘ಪರಾಶಕ್ತಿ’ಯು ತೆರೆಗೆ ಬಂದಾಗ ಅವರ ವಯಸ್ಸು ೨೮. ಆದುದರಿಂದ ಈ ಚಿತ್ರವು ಅಕಸ್ಮಾತ್ತಾಗಿ ಹುಟ್ಟಿದುದಲ್ಲ. ವಾಚಿಕವು ಗಾನದಿಂದ ಬಿಡಿಸಿಕೊಂಡು ಸ್ವತಂತ್ರವಾಗುತ್ತಿದ್ದ ಹದಿನೈದು ವರ್ಷಗಳ ಪ್ರವಾಹದ ತುದಿಯಲ್ಲಿ ನಿಂತಿದೆ.

೩

ಚಿತ್ರದ ಮೂಲವು ಪಾವಲರ್ ಬಾಲಸುಂದರಂ ಅವರು ರಚಿಸಿದ ಅದೇ ಹೆಸರಿನ ನಾಟಕ. ಅದು ರಂಗದ ಮೇಲೆ ಜನಪ್ರಿಯವಾಗಿದ್ದ ಕಾಲದಲ್ಲಿಯೇ ಟಿ. ಎಸ್. ನಟರಾಜನ್ ಎಂಬವರು ಬರೆದ ‘ಎನ್ ತಂಗೈ’ ಎಂಬ ನಾಟಕವನ್ನು ಶಕ್ತಿ ನಾಟಕಸಭೆಯವರು ಆಡುತ್ತಿದ್ದರು. ಅದರ ವಸ್ತು ಕುರುಡಿಯಾದ ತಂಗಿಯ ಮೇಲೆ ಅಣ್ಣನಿಟ್ಟ ವಾತ್ಸಲ್ಯ. ಅಣ್ಣನ ಪಾತ್ರವನ್ನು ವಹಿಸುತ್ತಿದ್ದವರು ಗಣೇಶನ್ನರು. ಎರಡನ್ನೂ ಬೆರೆಸಿ ಒಂದೇ ಚಿತ್ರಕಥೆಯನ್ನು ಹೆಣೆಯಬೇಕೆಂಬ ಆಲೋಚನೆಯು ಮೊದಲಲ್ಲಿ ನಡೆದು, ‘ಎನ್ ತಂಗೈ’ಯ ಹಕ್ಕು ದೊರೆಯದೆ ಹೋದುದರಿಂದ ಬಿಟ್ಟುಹೋಯಿತು, ಆ ನಾಟಕವು ೧೯೫೨ರಲ್ಲಿಯೇ ಬೇರೊಂದು ಚಿತ್ರವಾಗಿ ಹೊರಬಂದಿತು. ಸೋದರವಾತ್ಸಲ್ಯದ ಕಥೆಗಳಿಗೆ ಆ ಕಾಲದ ತಮಿಳು ರಂಗದಲ್ಲಿ ಎಷ್ಟು ಮನ್ನಣೆಯಿತ್ತೆಂಬುದಕ್ಕೆ ಇದು ನಿದರ್ಶನ.

‘ಪರಾಶಕ್ತಿ’ಯ ಹಕ್ಕನ್ನು ಕೊಂಡವರು ನ್ಯಾಷನಲ್ ಪಿಕ್ಚರ್ಸ್ ಸಂಸ್ಥೆಯ ಪಿ. ಎ. ಪೆರುಮಾಳ್ ಮೊದಲಿಯಾರರು. ಧನಸಹಾಯಕ್ಕೂ ಚಿತ್ರಶಾಲೆಗೂ ಅವರು ಆಶ್ರಯಿಸಿದುದು ಎ. ವಿ. ಮೆಯ್ಯಪ್ಪ ಚೆಟ್ಟಿಯಾರರನ್ನು. ಕಾರೈಕುಡಿಯಲ್ಲಿ ೧೯೦೭ರಲ್ಲಿ ಜನಿಸಿದ ಚೆಟ್ಟಿಯಾರರು ೧೯೪೫ರಲ್ಲಿ ತಮ್ಮ ಹೆಸರಿನ ಮೊದಲಕ್ಷರಗಳಿಂದಲೇ ಎ. ವಿ. ಎಂ. ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಆರಂಭದಲ್ಲಿ ಕಾರೈಕುಡಿಯ ಸಮೀಪದಲ್ಲಿ ಚಿತ್ರಗಳನ್ನು ತಯಾರಿಸಿ, ೧೯೪೮ರಲ್ಲಿ ಮದರಾಸಿನ ಕೋಡಂಬಾಕಕ್ಕೆ ಬಂದು ನೆಲಸಿದ್ದರು. ನಿರ್ದೇಶನವು ಕೃಷ್ಣನ್ ಮತ್ತು ಪಂಜು ಎಂಬ ಜೋಡಿಯದು. ಇವರೇ ೧೯೪೯ರಲ್ಲಿ ಅಣ್ಣಾದುರೈಯವರ ‘ನಲ್ಲತಂಬಿ’ಯನ್ನೂ ನಿರ್ದೇಶಿಸಿದ್ದವರು. ಸಂಗೀತವನ್ನು ಆರ್. ಸುದರ್ಶನಂ ಅವರು ಅಳವಡಿಸಿದರು. ಸುಬ್ರಹ್ಮಣ್ಯ ಭಾರತಿ ಮತ್ತು ಭಾರತಿದಾಸನ್ ಎಂಬ ಎರಡು ತಲೆಮಾರಿನ ಕವಿಗಳ ಕೃತಿಗಳೂ ಉಡುಮಲೈ ನಾರಾಯಣ ಕವಿಗಳೇ ಮೊದಲಾದವರ ಹಾಡುಗಳೂ ಚಿತ್ರದಲ್ಲಿ ಸೇರಿದುವು. ಹಾಡುಗಳು ಇಲ್ಲಿಯೂ ಉಂಟು. ಆದರೆ ಕಥೆಯ ಭಾರವನ್ನು ಅವು ಹೊರುವುದಿಲ್ಲ.

೪

ನಾಯಕಪಾತ್ರಕ್ಕೆ ಯಾರೆಂಬ ಪ್ರಶ್ನೆಯಲ್ಲಿ ಚಿತ್ರವು ಹುಟ್ಟುವ ಮೊದಲೇ ಒಂದು ವಿವಾದವು ಹುಟ್ಟಿತು. ವಿಳುಪ್ಪುರಂ ಚಿನ್ನಯ್ಯ ಗಣೇಶನ್ನರು ಬಾಲ್ಯದಿಂದ ನಾಟಕಮಂಡಲಿಯಲ್ಲಿ ಬೆಳೆದವರು. ಸ್ತ್ರೀವೇಷಗಳನ್ನು ಧರಿಸಿ ಹೆಸರುಗಳಿಸಿದವರು. ಅಣ್ಣಾದುರೈಯವರು ಬರೆದ ನಾಟಕದಲ್ಲಿ ಛತ್ರಪತಿಯ ಪಾತ್ರವನ್ನು ವಹಿಸಿದುದರಿಂದ ಪೆರಿಯಾರ್ ಇ. ವೆ. ರಾಮಸ್ವಾಮಿಯವರಿಂದ ‘ಶಿವಾಜಿ’ ಎಂಬ ಬಿರುದು ಅವರಿಗೆ ಬಂದಿತ್ತು. ಪೆರುಮಾಳ್ ಮೊದಲಿಯಾರರು ಅವರನ್ನು ನೂರ್‌ಜಹಾನಳ ವೇಷದಲ್ಲಿ ರಂಗದ ಮೇಲೆ ಕಂಡು ಮೆಚ್ಚಿದ್ದರು. ಒಬ್ಬ ರಾಣಿಯ ಪಾತ್ರವನ್ನು ನೋಡಿ ಉದ್ಧತನಾದ ತರುಣನೊಬ್ಬನ ಪಾತ್ರಕ್ಕೆ ನಟನನ್ನು ಆರಿಸಿದುದು ವಿಚಿತ್ರವೆಂದು ತೋರಬಹುದು. ಆದರೆ ಪೆರುಮಾಳರು ಗ್ರಹಿಸಿದುದು ವೇಷವನ್ನಲ್ಲ, ಕಂಠವನ್ನೂ ಉಚ್ಚಾರಣೆಯನ್ನೂ ಎಂದು ಭಾವಿಸಿದರೆ ವಿಚಿತ್ರವೇನೂ ಉಳಿಯುವುದಿಲ್ಲ.

ಮೆಯ್ಯಪ್ಪ ಚೆಟ್ಟಿಯಾರರ ಮತವು ಬೇರೆಯಾಗಿತ್ತು. ಕೃಶನಾದ ಈ ನವೀನ ನಟನಿಗೆ ಬದಲಾಗಿ ಆ ಕಾಲಕ್ಕೆ ಪ್ರಸಿದ್ಧರೂ ಗಾಯಕರೂ ಆಗಿದ್ದ ಕೆ. ಆರ್. ರಾಮಸ್ವಾಮಿಯವರನ್ನು ತೆಗೆದುಕೊಳ್ಳಬೇಕೆಂಬುದು ಅವರ ಇಚ್ಛೆ. ಚಿತ್ರೀಕರಣವು ಕೆಲವು ದೂರ ಸಾಗಿದ ಮೇಲೆಯೂ ಈ ಅಸಮಾಧಾನವು ತೀರಲಿಲ್ಲ. ಪೆರುಮಾಳರು ಮಣಿಯಲಿಲ್ಲ. ಹಣ ಹೂಡಿದವನ ಮಾತಿಗೆ ಎದುರಾಗಿ, ಅಪರಿಚಿತನಾದ ಒಬ್ಬ ನಟನಿಗಾಗಿ ನಿಲ್ಲುವುದು ಆ ಉದ್ಯಮದಲ್ಲಿ ಸಾಮಾನ್ಯವಾದ ಸಾಹಸವಲ್ಲ. ಕೊನೆಗೆ ಗಣೇಶನ್ನರೇ ಉಳಿದರು. ಚಿತ್ರವು ಮುಗಿಯುತ್ತ ಬಂದಂತೆ ಚೆಟ್ಟಿಯಾರರೇ ಅವರ ಅಭಿನಯಕ್ಕೆ ಮೆಚ್ಚಿ, ಆರಂಭದಲ್ಲಿ ತೆಗೆದ ಭಾಗಗಳನ್ನು ಮತ್ತೆ ಚಿತ್ರಿಸುವಂತೆ ಮಾಡಿದರು. ಗಣೇಶನ್ನರು ಚಿತ್ರಯಂತ್ರದ ಮುಂದೆ ಮೊದಲು ಉಚ್ಚರಿಸಿದ ಮಾತು ‘ಸಕ್ಸೆಸ್’ ಎಂಬ ಒಂದೇ ಪದ. ಆ ನೆನಪಿಗಾಗಿ ಎ. ವಿ. ಎಂ. ಚಿತ್ರಶಾಲೆಯಲ್ಲಿ ಒಂದು ಸ್ಮಾರಕವನ್ನು ಅನಂತರ ನಿಲ್ಲಿಸಲಾಯಿತು. ಪೆರುಮಾಳರ ಉಪಕಾರವನ್ನು ನಟರು ಮರೆಯಲಿಲ್ಲ. ಪ್ರತಿವರ್ಷ ಪೊಂಗಲ್ ಹಬ್ಬದಲ್ಲಿ ವೆಲ್ಲೂರಿಗೆ ಹೋಗಿ ಅವರ ಮನೆಯವರನ್ನು ಗೌರವಿಸುತ್ತಿದ್ದರು.

ಈ ವಿವಾದವನ್ನು ಕೇವಲ ಚಿತ್ರರಂಗದ ಸ್ವಾರಸ್ಯಕಥೆಯೆಂದು ತಳ್ಳಿಬಿಡಲಾಗದು. ರಾಮಸ್ವಾಮಿಯವರು ಹಾಡಬಲ್ಲ ನಾಯಕರ ಪರಂಪರೆಗೆ ಸೇರಿದವರು. ಗಣೇಶನ್ನರು ಹಾಡದೆ ನುಡಿಯಬಲ್ಲವರು, ಅವರ ಹಾಡುಗಳಿಗೆ ಸಿ. ಎಸ್. ಜಯರಾಮನ್ನರು ಕಂಠವನ್ನು ಕೊಟ್ಟರು. ಆದುದರಿಂದ ಆಯ್ಕೆಯಿದ್ದುದು ಇಬ್ಬರು ವ್ಯಕ್ತಿಗಳ ನಡುವೆ ಮಾತ್ರವಲ್ಲ, ಗೇಯ ಮತ್ತು ಗದ್ಯ ಎಂಬ ಎರಡು ಮಾರ್ಗಗಳ ನಡುವೆ ಎಂದು ಹೇಳಬಹುದು.

ನಾಯಿಕೆಯ ಪಾತ್ರವು ಕನ್ನಡಿಗರಿಗೆ ಸಂತೋಷದಾಯಕವಾದ ಒಂದು ಸಂಬಂಧವನ್ನು ಒದಗಿಸುತ್ತದೆ. ವಿಮಲೆಯ ಪಾತ್ರವನ್ನು ವಹಿಸಿದವರು ೧೯೪೩ರ ‘ವಾಣಿ’ಯಿಂದ ಕನ್ನಡ ಚಿತ್ರಗಳಲ್ಲಿ ಕಾಣಿಸಿಕೊಂಡಿದ್ದ ಪಂಡರೀಬಾಯಿಯವರು. ೧೯೫೪ರಲ್ಲಿ ‘ಬೇಡರ ಕಣ್ಣಪ್ಪ’ದ ಮೂಲಕ ರಾಜಕುಮಾರರು ನಾಯಕರಾಗಿ ಚಿತ್ರರಂಗವನ್ನು ಪ್ರವೇಶಿಸಿದಾಗ ಅವರೊಡನೆ ನಾಯಿಕೆಯಾಗಿ ನಟಿಸಿದವರೂ ಇವರೇ. ಎರಡು ವರ್ಷಗಳ ಅಂತರದಲ್ಲಿ ಎರಡು ಭಾಷೆಗಳ ಇಬ್ಬರು ಪ್ರಮುಖ ನಟರ ಪ್ರಥಮಚಿತ್ರಗಳಲ್ಲಿ ಒಬ್ಬರೇ ನಾಯಿಕೆಯಾದುದು ಗಮನಾರ್ಹವಾಗಿದೆ.

೫

ಇನ್ನು ವಸ್ತುವಿಚಾರ. ರಂಗೂನಿನಲ್ಲಿ ನೆಲಸಿದ ಮೂವರು ಅಣ್ಣತಮ್ಮಂದಿರು: ಚಂದ್ರಶೇಖರನ್, ಜ್ಞಾನಶೇಖರನ್, ಗುಣಶೇಖರನ್. ಎಸ್. ವಿ. ಸಹಸ್ರನಾಮಂ, ಎಸ್. ಎಸ್. ರಾಜೇಂದ್ರನ್ ಮತ್ತು ಶಿವಾಜಿ ಗಣೇಶನ್ನರು ಕ್ರಮವಾಗಿ ಇವರ ಪಾತ್ರಗಳನ್ನು ವಹಿಸಿದ್ದಾರೆ. ತಂದೆಯೂ ತಂಗಿ ಕಲ್ಯಾಣಿಯೂ ಮಧುರೆಯಲ್ಲಿದ್ದಾರೆ. ಕಲ್ಯಾಣಿಯ ಪಾತ್ರವು ಶ್ರೀರಂಜನಿಯವರದು. ತಂಗಿಯ ವಿವಾಹಕ್ಕೆ ಹೊರಟ ಮೂವರಲ್ಲಿ ಯುದ್ಧಕಾಲದ ಅಡಚಣೆಯಿಂದಾಗಿ ಕಿರಿಯನೊಬ್ಬನಿಗೇ ಹಡಗಿನಲ್ಲಿ ಸ್ಥಳವು ದೊರಕುವುದು; ಅವನೂ ಸಕಾಲಕ್ಕೆ ತಲಪುವುದಿಲ್ಲ. ವಿವಾಹವು ನಡೆದುಹೋಗುವುದು. ಮಗುವು ಹುಟ್ಟಿದ ದಿನವೇ ಕಲ್ಯಾಣಿಯು ಗಂಡನನ್ನೂ ತಂದೆಯನ್ನೂ ಕಳೆದುಕೊಳ್ಳುವಳು. ಮನೆಯು ಸಾಲಕ್ಕೆ ಹೋಗುವುದು. ಅವಳು ಇಡ್ಲಿಯನ್ನು ಮಾರಿ ಹೊಟ್ಟೆ ಹೊರೆಯುವಳು. ಮದರಾಸಿನಲ್ಲಿ ಇಳಿದ ಗುಣಶೇಖರನು ವಂಚನೆಯಿಂದ ಸರ್ವಸ್ವವನ್ನೂ ಕಳೆದುಕೊಂಡು, ಬರಿಗೈಯಲ್ಲಿ ತಂಗಿಯ ಬಾಗಿಲಿಗೆ ಬಂದು, ತನ್ನ ಗುರುತನ್ನು ಹೇಳಿಕೊಳ್ಳಲಾರದೆ ಹುಚ್ಚನಂತೆ ನಟಿಸುತ್ತ ಅವಳನ್ನು ದೂರದಿಂದ ಕಾಯುವನು.

ಈ ಕಥಾರಂಭವು ಕಲ್ಪನೆಯಾದರೂ ಅದರ ಭೂಮಿಕೆಯು ಚರಿತ್ರೆ. ೧೯೪೧ರ ಡಿಸೆಂಬರ್ ೨೩ರಂದು ಜಪಾನೀಯರು ರಂಗೂನಿನ ಮೇಲೆ ಬಾಂಬುಗಳನ್ನು ಸುರಿದರು. ೧೯೪೨ರ ಮಾರ್ಚಿನಲ್ಲಿ ನಗರವು ಅವರ ವಶವಾಯಿತು. ಹಡಗಿನಲ್ಲಿ ಸ್ಥಳ ಸಿಕ್ಕದ ಲಕ್ಷಗಟ್ಟಲೆ ಭಾರತೀಯರು ಅರಕಾನ್, ಮಣಿಪುರ, ಅಸ್ಸಾಮುಗಳ ಕಾಡುದಾರಿಗಳಲ್ಲಿ ಕಾಲ್ನಡಿಗೆಯಿಂದ ಬಂದರು; ಹಸಿವಿನಿಂದಲೂ ವ್ಯಾಧಿಯಿಂದಲೂ ಸಹಸ್ರಾರು ಜನರು ದಾರಿಯಲ್ಲಿಯೇ ಮಡಿದರು. ಬರ್ಮಾದೇಶದೊಡನೆ ವ್ಯಾಪಾರದಿಂದಲೂ ಕೂಲಿಯಿಂದಲೂ ತಲೆಮಾರುಗಳ ನಂಟಿದ್ದ ತಮಿಳುನಾಡಿನಲ್ಲಿ ಈ ನಿರ್ಗಮನದ ಗಾಯವು ಹತ್ತು ವರ್ಷಗಳಾದರೂ ಮಾದಿರಲಿಲ್ಲ. ಮೆಯ್ಯಪ್ಪನವರ ನಾಟ್ಟುಕೋಟ್ಟೈ ಚೆಟ್ಟಿಯಾರ್ ಸಮುದಾಯವೇ ಬರ್ಮಾದಲ್ಲಿ ತೊಡಗಿಸಿದ್ದ ಅಪಾರವಾದ ಬಂಡವಾಳವನ್ನು ಆ ಯುದ್ಧದಲ್ಲಿ ಕಳೆದುಕೊಂಡಿತ್ತು. ಚಿತ್ರದಲ್ಲಿ ಜ್ಞಾನಶೇಖರನು ಬಾಂಬಿನಿಂದ ಕಾಲನ್ನು ಕಳೆದುಕೊಂಡು ಭಿಕ್ಷುಕನಾಗುವುದನ್ನು ನೋಡಿದ ಪ್ರೇಕ್ಷಕರಿಗೆ ಅದು ಕವಿಸಮಯವಾಗಿ ತೋರಿರಲಾರದು.

ಕುಟುಂಬವು ಚದುರಿ ಮತ್ತೆ ಕೂಡುವ ಕಥೆಯು ಭಾರತೀಯ ಸಾಹಿತ್ಯದಲ್ಲಿ ಹಳೆಯದು. ಹರಿಶ್ಚಂದ್ರನ ಕಥೆಯನ್ನು ಸ್ಮರಿಸಿದರೆ ಸಾಕು: ಅಲ್ಲಿ ಸತಿಪುತ್ರರ ವಿಕ್ರಯ, ಮಗನ ಮರಣ, ಸತಿಯು ಅಪರಾಧಿನಿಯಾಗಿ ಪತಿಯ ಕತ್ತಿಯ ಮುಂದೆಯೇ ನಿಲ್ಲುವುದು, ಕಡೆಗೆ ವಿಶ್ವೇಶ್ವರನ ಸಾಕ್ಷಾತ್ಕಾರ ಎಂಬಿವು ಕ್ರಮವಾಗಿ ಬರುವುವು. ನಿರ್ವಹಣಸಂಧಿಯಲ್ಲಿ ಅದ್ಭುತರಸವು ಇರಬೇಕೆಂಬ ಭರತನ ವಿಧಿಗೆ ಇದು ಉತ್ತಮವಾದ ಉದಾಹರಣೆ. ‘ಪರಾಶಕ್ತಿ’ಯಲ್ಲಿಯೂ ಇದೇ ಎಲುಬುಗೂಡು ಕಾಣುವುದು. ಬರ್ಮಾದಿಂದ ಮರಳಿ ತಿರುಚಿನಾಪಳ್ಳಿಯಲ್ಲಿ ನ್ಯಾಯಾಧೀಶನಾದ ಹಿರಿಯಣ್ಣನು ಬಾಗಿಲಿಗೆ ಬಂದ ಭಿಕಾರಿಣಿಯು ತಂಗಿಯೆಂದರಿಯದೆ ಅಟ್ಟಿಬಿಡುವನು. ದೇವಾಲಯದಲ್ಲಿ ಆಶ್ರಯ ಬೇಡಿದವಳ ಮೇಲೆ ಅರ್ಚಕನು ಕೈಮಾಡಲು ಹವಣಿಸುವನು. ಎಲ್ಲ ಬಾಗಿಲುಗಳೂ ಮುಚ್ಚಿದ ಮೇಲೆ ಅವಳು ಮಗುವನ್ನು ನೀರಿಗೆಸೆದು ತಾನೂ ಸಾಯಲೆಳಸುವಾಗ ಸೆರೆಸಿಕ್ಕುವಳು. ಶಿಶುಹತ್ಯೆಯ ಆರೋಪದ ಮೇಲೆ ಆ ಅಣ್ಣನ ಪೀಠದ ಮುಂದೆಯೇ ಬಂದು ನಿಲ್ಲುವಳು. ಅವಳು ಯಾರೆಂಬುದು ತಿಳಿದೊಡನೆ ಅಣ್ಣನು ಮೂರ್ಛೆಹೋಗುವನು. ಇಲ್ಲಿಯವರೆಗೂ ಹಳೆಯ ಕಥೆಯ ದಾರಿಯೇ. ಇಲ್ಲಿಂದ ಮುಂದೆ ಹಳೆಯ ಕಥೆಯಾದರೆ ದೇವತೆಯು ಬರಬೇಕು.

೬

ದೇವತೆಯು ಬರುವುದಿಲ್ಲ. ಅವಳ ಸ್ಥಾನದಲ್ಲಿ ಗುಣಶೇಖರನು ಬರುವನು. ಅರ್ಚಕನನ್ನು ದಂಡಿಸುವುದಕ್ಕಾಗಿ ಅವನು ಪರಾಶಕ್ತಿಯ ವಿಗ್ರಹದ ಹಿಂದೆ ಅಡಗಿ ನುಡಿಯುವನು. ದೇವಿಯೇ ಮಾತನಾಡಿದಳೆಂದು ಬೆರಗಾದ ಅರ್ಚಕನಿಗೆ, ಅವಳು ಎಂದೂ ಮಾತನಾಡಿದವಳಲ್ಲ, ಮಾತನಾಡಬಲ್ಲವಳಾಗಿದ್ದರೆ ನಿನ್ನ ದುಷ್ಕೃತ್ಯವನ್ನು ಅಂದೇ ತಡೆಯುತ್ತಿದ್ದಳಲ್ಲವೆ, ಎಂಬ ಅಭಿಪ್ರಾಯದ ಉತ್ತರವನ್ನು ಕೊಟ್ಟು ಹೊಡೆಯುವನು, ಅದಕ್ಕಾಗಿ ಬಂಧಿತನಾಗುವನು. ಚಿತ್ರದ ಹೆಸರು ದೇವಿಯ ಹೆಸರೇ. ಆದರೆ ಆ ಹೆಸರಿನ ಶಕ್ತಿಯನ್ನು ಮನುಷ್ಯನ ವಾಕ್ಕಿಗೆ ವರ್ಗಾಯಿಸುವುದೇ ಕೃತಿಯ ಒಳಸಂಕಲ್ಪವೆಂಬುದು ಈ ದೃಶ್ಯದಲ್ಲಿ ಸ್ಪಷ್ಟವಾಗುವುದು.

ಅನಂತರ ಬರುವುದು ನ್ಯಾಯಸ್ಥಾನದ ದೃಶ್ಯ. ತನ್ನ ಮೇಲಿನ ಆರೋಪಗಳನ್ನು ಗುಣಶೇಖರನು ಅಲ್ಲಗಳೆಯುವುದಿಲ್ಲ. ಅವುಗಳನ್ನು ಒಪ್ಪಿಕೊಳ್ಳುತ್ತಲೇ ಕಾರಣಪರಂಪರೆಯನ್ನು ಬಿಡಿಸುತ್ತ ಹೋಗುವನು. ದೇವಾಲಯದಲ್ಲಿ ಕಲಹಮಾಡಿದುದು ದೇವಾಲಯವು ಬೇಡವೆಂದಲ್ಲ, ಅದು ದುರ್ಜನರ ಬೀಡಾಗಬಾರದೆಂದು ಎಂಬುದು ಅವನ ವಾದದ ಸಾರ. ತಂಗಿಯು ಓಡಿದ ದಾರಿಯಲ್ಲಿ ಒಬ್ಬೊಬ್ಬರು ಹೇಗೆ ಅಡ್ಡಗಟ್ಟಿದರೆಂಬುದನ್ನು ಅವನು ಎಣಿಸಿ ಹೇಳುವಾಗ, ಪ್ರೇಕ್ಷಕನು ಮೊದಲು ಕಣ್ಣಿನಿಂದ ಕಂಡುದೆಲ್ಲವೂ ಕಿವಿಗೆ ಸಾಕ್ಷ್ಯವಾಗಿ ಮರಳಿ ಬರುವುದು. ಕರುಣರಸದ ಸಾಮಗ್ರಿಯು ಪ್ರಮಾಣವಾಗಿ ಪರಿಣಮಿಸುವುದು ಹೀಗೆ. ಕುಟುಂಬದ ಕಥೆಯನ್ನು ತೆಗೆದುಹಾಕಿದರೆ ಈ ಭಾಷಣಕ್ಕೆ ಆಧಾರವಿಲ್ಲ. ಭಾಷಣವನ್ನು ತೆಗೆದುಹಾಕಿದರೆ ಕಥೆಯು ಬರಿಯ ಅಳುವಾಗಿ ಉಳಿಯುವುದು. ಬೆಲ್ಲ ಬೇರೆ ಔಷಧ ಬೇರೆ ಎಂಬ ಪೂರ್ವಪಕ್ಷವು ಇಲ್ಲಿ ನಿಲ್ಲಲಾರದು.

ಸಂಸ್ಕೃತದಲ್ಲಿ ನ್ಯಾಯಸ್ಥಾನದ ದೃಶ್ಯವೆಂದರೆ ಶೂದ್ರಕನ ಮೃಚ್ಛಕಟಿಕದ ಒಂಬತ್ತನೆಯ ಅಂಕವು ನೆನಪಿಗೆ ಬರುವುದು. ಅಲ್ಲಿ ನಿರ್ದೋಷಿಯಾದ ಚಾರುದತ್ತನು ಹೆಚ್ಚಾಗಿ ಮೌನಿ. ಅಧಿಕರಣಿಕನು ಅನುಕಂಪವುಳ್ಳವನಾದರೂ ರಾಜಾಜ್ಞೆಗೆ ಅಧೀನ. ಸತ್ತಳೆಂದು ಭಾವಿಸಿದ ವಸಂತಸೇನೆಯು ಜೀವಂತಳಾಗಿ ಬಂದ ಮೇಲೆಯೇ ವಿಮೋಚನೆ. ‘ಪರಾಶಕ್ತಿ’ಯಲ್ಲಿಯೂ ಸತ್ತಿತೆಂದು ಭಾವಿಸಿದ ಮಗುವು ವಿಮಲೆಯ ಕೈಸೇರಿ ಉಳಿದಿದ್ದು, ಸಭೆಗೆ ಬಂದು ಕಲ್ಯಾಣಿಯನ್ನು ಬಿಡಿಸುವುದು. ಆದರೆ ಇಲ್ಲಿಯ ಅಪರಾಧಿಯು ಮೌನಿಯಲ್ಲ. ಈ ಅಂಶದಲ್ಲಿ ಚಿತ್ರವು ಅನುಸರಿಸಿದುದು ತಮಿಳಿನ ಮನೆಯ ದಾರಿಯನ್ನು. ಇಳಂಗೋ ಅಡಿಗಳ ಶಿಲಪ್ಪದಿಗಾರದಲ್ಲಿ ಕಣ್ಣಗಿಯು ಮಧುರೆಯ ಪಾಂಡ್ಯಸಭೆಗೆ ನುಗ್ಗಿ, ಗಂಡನನ್ನು ಕಳ್ಳನೆಂದು ಕೊಲ್ಲಿಸಿದ ಅರಸನನ್ನೇ ಅಪರಾಧಿಯನ್ನಾಗಿ ಮಾಡುವಳು. ತನ್ನ ತಪ್ಪನ್ನರಿತ ಅರಸನು ಸಿಂಹಾಸನದಿಂದ ಬಿದ್ದು ಸಾಯುವನು. ತಂಗಿಯ ಊರನ್ನು ಮಧುರೆಯೆಂದು ಇಟ್ಟುದೂ, ತೀರ್ಪುಕೊಡಬೇಕಾದ ಅಣ್ಣನು ಪೀಠದಲ್ಲಿ ಮೂರ್ಛೆಹೋಗುವುದೂ ಈ ಪ್ರಾಚೀನ ದೃಶ್ಯದ ನೆರಳಿನಲ್ಲಿಯೇ ಇವೆ. ಕರುಣಾನಿಧಿಯವರು ೧೯೬೪ರಲ್ಲಿ ‘ಪೂಂಪುಹಾರ್’ ಎಂಬ ಚಿತ್ರಕ್ಕಾಗಿ ಶಿಲಪ್ಪದಿಗಾರದ ಕಥೆಯನ್ನೇ ನೇರವಾಗಿ ಎತ್ತಿಕೊಂಡುದು ಈ ಊಹೆಗೆ ಬೆಂಬಲವಾಗಿದೆ.

೭

ಭಾಷೆಯ ವಿಷಯದಲ್ಲಿ ಕನ್ನಡಿಗರು ವಿಶೇಷವಾಗಿ ವಿಚಾರಿಸಬೇಕಾದ ಒಂದು ಅಂಶವಿದೆ. ತಮಿಳು ಛಂದಸ್ಸಿನಲ್ಲಿ ಪಾದಗಳ ಮೊದಲ ಅಕ್ಷರಗಳು ಹೊಂದುವುದಕ್ಕೆ ಮೋನೈ ಎಂದೂ ಎರಡನೆಯ ಅಕ್ಷರಗಳು ಹೊಂದುವುದಕ್ಕೆ ಎದುಗೈ ಎಂದೂ ಹೆಸರು. ಎದುಗೈ ಎಂಬುದು ಕನ್ನಡ ಕವಿಗಳು ಕವಿರಾಜಮಾರ್ಗದ ಕಾಲದಿಂದಲೂ ಪಾಲಿಸಿದ ದ್ವಿತೀಯಾಕ್ಷರಪ್ರಾಸವೇ. ಕನ್ನಡದಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಂಜೇಶ್ವರದ ಗೋವಿಂದ ಪೈಗಳೇ ಮೊದಲಾದವರು ಈ ಪ್ರಾಸವನ್ನು ಪದ್ಯದಿಂದಲೇ ಬಿಟ್ಟುಕೊಟ್ಟರು. ಅದು ಹೊಸ ಕಾವ್ಯದ ಬಿಡುಗಡೆಯ ಲಕ್ಷಣವೆನಿಸಿತು. ತಮಿಳಿನ ದ್ರಾವಿಡಪಕ್ಷದ ಲೇಖಕರು ಇದಕ್ಕೆ ವಿಪರೀತವಾಗಿ, ಪದ್ಯದ ಮೋನೈ ಎದುಗೈಗಳನ್ನು ಗದ್ಯಕ್ಕೂ ಸಭಾಭಾಷಣಕ್ಕೂ ತಂದರು. ಸಮಾನಾಕ್ಷರಗಳಿಂದ ತೊಡಗುವ ಚಿಕ್ಕ ಚಿಕ್ಕ ವಾಕ್ಯಖಂಡಗಳು, ಒಂದೇ ಕ್ರಿಯಾಪದದ ಆವೃತ್ತಿ, ಪ್ರಶ್ನೆಯ ಹಿಂದೆಯೇ ಉತ್ತರ—ಇವು ಅವರ ಶೈಲಿಯ ಅಂಗಗಳು. ೧೯೧೬ರಲ್ಲಿ ಮರೈಮಲೈ ಅಡಿಗಳು ಆರಂಭಿಸಿದ ತನಿತ್ತಮಿಳ್ ಚಳವಳಿಯಿಂದ ಬಂದ ದೇಶ್ಯಪದಗಳ ಪ್ರೀತಿಯೂ ಇದರೊಡನೆ ಸೇರಿತು.

ಇದರ ಪರಿಣಾಮವು ಎರಡು ಬಗೆಯದು. ಪ್ರಾಸವಿದ್ದ ಗದ್ಯವು ನೆನಪಿನಲ್ಲಿ ನಿಲ್ಲುವುದು. ಆದುದರಿಂದಲೇ ಓದುಬಾರದವರೂ ಅದನ್ನು ತಮ್ಮದನ್ನಾಗಿ ಮಾಡಿಕೊಂಡರು. ಶತಮಾನಗಳಿಂದ ಪಂಡಿತರ ಸೊತ್ತಾಗಿದ್ದ ಶಿಷ್ಟವಾದ ತಮಿಳು ಬಂಡಿಯ ಹುಡುಗನ ನಾಲಗೆಗೂ ಬಂದಿತೆಂದರೆ ಅದು ಸಾಮಾನ್ಯವಾದ ಲಾಭವಲ್ಲ. ಇನ್ನೊಂದು ಕಡೆಯಲ್ಲಿ ಪಾತ್ರಭೇದವು ಕ್ಷೀಣಿಸಿತು. ಗುಣಶೇಖರನೂ ವಿಮಲೆಯೂ ಭಿಕ್ಷುಕನಾದ ಜ್ಞಾನಶೇಖರನೂ ಬಹುಮಟ್ಟಿಗೆ ಒಂದೇ ಶೈಲಿಯಲ್ಲಿ ನುಡಿಯುವರು. ಪಾತ್ರಾನುಗುಣವಾಗಿ ಭಾಷೆಯನ್ನು ಭೇದಿಸಬೇಕೆಂಬ ನಾಟ್ಯಶಾಸ್ತ್ರದ ನಿಯಮವು ಇಲ್ಲಿ ಉಲ್ಲಂಘಿತವಾಗಿದೆ. ಮಾತನಾಡುವವನು ಪಾತ್ರವೋ ಕವಿಯೋ ಎಂಬ ಸಂದೇಹವು ಕೆಲವೆಡೆಗಳಲ್ಲಿ ಬರುವುದು ನಿಜ.

೮

ಚಿತ್ರಕ್ಕೆ ಒದಗಿದ ವಿರೋಧವು ಅದರ ವಾಕ್ಕಿಗೆ ಸಂದ ಪ್ರತಿಸಾಕ್ಷ್ಯವೆನ್ನಬಹುದು. ಆಗ ಮದರಾಸು ಸಂಸ್ಥಾನದಲ್ಲಿ ಚಕ್ರವರ್ತಿ ರಾಜಗೋಪಾಲಾಚಾರ್ಯರ ಮಂತ್ರಿಮಂಡಲವು ಅಧಿಕಾರದಲ್ಲಿತ್ತು. ದೇವತೆಯನ್ನೂ ಅರ್ಚಕವೃತ್ತಿಯನ್ನೂ ಸರಕಾರವನ್ನೂ ಹೀಯಾಳಿಸುವ ಚಿತ್ರವನ್ನು ನಿಷೇಧಿಸಬೇಕೆಂಬ ಕೂಗು ಹಲವು ಕಡೆಗಳಿಂದ ಎದ್ದಿತು. ಪರಿಶೀಲಕಮಂಡಲಿಯ ಅನುಮತಿಯನ್ನು ಪಡೆದು ಹೊರಬಂದ ಚಿತ್ರವಾದರೂ ಮತ್ತೆ ವಿಚಾರಣೆಗೆ ಗುರಿಯಾಯಿತು. ನಿಷೇಧವಾದೀತೆಂಬ ವದಂತಿಯೇ ಜನರನ್ನು ಇನ್ನೂ ಹೆಚ್ಚಾಗಿ ಚಿತ್ರಮಂದಿರಗಳತ್ತ ಸೆಳೆಯಿತು. 

ಕೊನೆಗೂ ನಿಷೇಧವಾಗಲಿಲ್ಲ, ಅನೇಕ ಊರುಗಳಲ್ಲಿ ಚಿತ್ರವು ೧೭೫ ದಿನಗಳನ್ನು ಮೀರಿ ನಡೆಯಿತು, ಸಿಂಹಳದ ಕೊಲಂಬೋ ನಗರದಲ್ಲಿಯೂ ತಿಂಗಳುಗಟ್ಟಲೆ ಪ್ರದರ್ಶಿತವಾಯಿತು. ದೇವಾಲಯವನ್ನೂ ಶ್ರದ್ಧೆಯನ್ನೂ ಗೌರವಿಸುವವರಿಗೆ ಈ ಚಿತ್ರದ ಕೆಲವು ಮಾತುಗಳು ಕಟುವಾಗಿಯೇ ಇವೆ; ಒಬ್ಬ ದುರ್ಜನನ ಮೂಲಕ ಇಡೀ ವೃತ್ತಿಯನ್ನು ತೂಗುವುದು ನ್ಯಾಯವೆ ಎಂಬ ಅವರ ಪ್ರಶ್ನೆಯು ಅಲ್ಲಗಳೆಯತಕ್ಕುದಲ್ಲ. ಆದರೆ ಗುಣಶೇಖರನ ಪ್ರಶ್ನೆಗೆ ನಿಷೇಧವು ಉತ್ತರವಾಗಲಾರದೆಂಬುದೂ ಅಷ್ಟೇ ಸತ್ಯ. ಅನಾಥೆಯೊಬ್ಬಳು ಆಶ್ರಯ ಬೇಡಿದಾಗ ಗೃಹಸ್ಥನ ಬಾಗಿಲು, ಅಧಿಕಾರಿಯ ಬಾಗಿಲು, ದೇವರ ಬಾಗಿಲು ಮೂರೂ ಏಕೆ ಮುಚ್ಚಿದುವು ಎಂಬುದಕ್ಕೆ ಶ್ರದ್ಧಾಳುಗಳೇ ಮೊದಲು ಉತ್ತರಕೊಡಬೇಕಾಗಿದೆ.

ಇನ್ನೊಂದು ಪ್ರಶ್ನೆಯನ್ನು ಚಿತ್ರಕಾರರಿಗೇ ಹಾಕಬೇಕು. ಸ್ವಾಭಿಮಾನ ಚಳವಳಿಯು ೧೯೨೯ರ ಚೆಂಗಲ್ಪಟ್ಟು ಸಮ್ಮೇಳನದಿಂದಲೇ ವಿಧವಾವಿವಾಹವನ್ನೂ ಸ್ತ್ರೀಯರ ಆಸ್ತಿಯ ಹಕ್ಕನ್ನೂ ಸಾರುತ್ತ ಬಂದಿತ್ತು. ಅದೇ ಪರಂಪರೆಯಿಂದ ಬಂದ ಈ ಕಥೆಯ ಕೊನೆಯಲ್ಲಿ ಗುಣಶೇಖರನಿಗೆ ವಿಮಲೆಯೊಡನೆ ವಿವಾಹವುಂಟು. ಕಲ್ಯಾಣಿಗೆ ಮಗುವೂ ಅಣ್ಣಂದಿರ ಆಶ್ರಯವೂ ಉಂಟು. ಹೊಸ ಬಾಳು ಇಲ್ಲ. ಅವಳ ದುಃಖವನ್ನು ಕುರಿತ ದೀರ್ಘವಾದ ವಾದವು ಅವಳ ಬಾಯಿಂದಲ್ಲ, ಅಣ್ಣನ ಬಾಯಿಂದ ಬರುವುದು. ತನ್ನ ವಿಚಾರಣೆಯಲ್ಲಿ ಅವಳೂ ಉತ್ತರಕೊಡುವಳು. ಆದರೆ ಜನರ ನೆನಪಿನಲ್ಲಿ ಉಳಿದುದು ಆ ಉತ್ತರವಲ್ಲ. ಸಾವಿರಾರು ವರ್ಷಗಳ ಹಿಂದಿನ ಕಾವ್ಯದಲ್ಲಿ ಕಣ್ಣಗಿಯು ತನ್ನ ಮಾತನ್ನು ತಾನೇ ಆಡಿದಳು. ಈ ಅಂಶದಲ್ಲಿ ಪ್ರಾಚೀನಕವಿಯು ನವೀನರಿಗಿಂತ ಮುಂದೆ ನಿಂತಿರುವನು. ಬದಲಿಗೆ ವಿಮಲೆಯ ಪಾತ್ರದಲ್ಲಿ ಸ್ವಲ್ಪಮಟ್ಟಿನ ಪರಿಹಾರವಿದೆ: ತನ್ನ ದುಃಖದಲ್ಲಿಯೇ ಮುಳುಗಿದ ಗುಣಶೇಖರನಿಗೆ, ನಿನ್ನ ತಂಗಿಯಂತೆ ನೊಂದವರು ಇನ್ನೆಷ್ಟು ಮಂದಿ ಎಂಬ ದೃಷ್ಟಿಯನ್ನು ಕೊಡುವವಳು ಅವಳೇ. ಅವನು ನ್ಯಾಯಸ್ಥಾನದಲ್ಲಿ ಲೋಕದ ಪರವಾಗಿ ಮಾತನಾಡಬಲ್ಲವನಾದುದು ಈ ಉಪದೇಶದಿಂದ.

೯

ಕಥೆಯು ಕುಟುಂಬದ ಪುನರ್ಮಿಲನದಲ್ಲಿ ಮುಗಿದರೂ ಅದರ ಕೊನೆಯ ಕಾರ್ಯವು ಅನಾಥರಿಗಾಗಿ ಒಂದು ಆಶ್ರಮವನ್ನು ತೆರೆಯುವುದು. ಒಂದು ಮನೆಯ ಬಾಗಿಲು ಒಬ್ಬ ತಂಗಿಗೆ ಮುಚ್ಚಿದುದರ ಪ್ರಾಯಶ್ಚಿತ್ತವಾಗಿ ಇನ್ನೊಂದು ಮನೆಯ ಬಾಗಿಲು ಗುರುತಿಲ್ಲದವರಿಗೂ ತೆರೆಯುವುದು. ಅಭಿಜ್ಞಾನವಾದ ಮೇಲೆ ಮಾತ್ರ ಕರುಣೆ ತೋರುವುದು ಹಳೆಯ ಕಥೆಗಳ ನಾಯಕರ ದೌರ್ಬಲ್ಯ. ದುಷ್ಯಂತನು ಉಂಗುರವನ್ನು ಕಂಡ ಮೇಲೆ ಮರುಗಿದನು, ಚಂದ್ರಶೇಖರನು ಹೆಸರನ್ನು ಕೇಳಿದ ಮೇಲೆ ಮೂರ್ಛೆಹೋದನು. ಬಾಗಿಲಿಗೆ ಬಂದವಳು ತಂಗಿಯಲ್ಲದಿದ್ದರೆ ಅಟ್ಟಬಹುದಾಗಿತ್ತೆ ಎಂಬುದೇ ಚಿತ್ರದ ನಿಜವಾದ ಪ್ರಶ್ನೆ. ಆಶ್ರಮವು ಅದಕ್ಕೆ ಕೊಟ್ಟ ಉತ್ತರ.

ಈ ಕೃತಿಯ ಸಂಭಾಷಣಕಾರರು ೧೯೬೯ರಲ್ಲಿ ತಮಿಳುನಾಡಿನ ಮುಖ್ಯಮಂತ್ರಿಗಳಾಗಿ, ಅನಂತರವೂ ಹಲವು ಬಾರಿ ಆ ಪದವಿಯಲ್ಲಿದ್ದು, ೨೦೧೮ರಲ್ಲಿ ನಿಧನರಾದರು. ನಟರು ೨೦೦೧ರಲ್ಲಿ ತೀರಿಕೊಂಡರು. ಚೆಟ್ಟಿಯಾರರು ೧೯೭೯ರಲ್ಲಿಯೇ ಗತಿಸಿದ್ದರು. ಅವರ ಅಧಿಕಾರ ಕೀರ್ತಿಗಳ ಲೆಕ್ಕವನ್ನು ರಾಜಕೀಯದ ಚರಿತ್ರಕಾರರೂ ಚಿತ್ರೋದ್ಯಮದ ಚರಿತ್ರಕಾರರೂ ಬರೆಯುವರು. ಸಾಹಿತ್ಯದ ಅಧ್ಯಾಪಕರಿಗೆ ಉಳಿಯುವ ವಿಷಯವು ಬೇರೆ. ಗಾನದ ಆಸರೆಯಿಲ್ಲದೆ, ದೇವತೆಯ ಪ್ರವೇಶವಿಲ್ಲದೆ, ಸಾಕ್ಷ್ಯವನ್ನು ಒಂದೊಂದಾಗಿ ಜೋಡಿಸುತ್ತ ಹೋಗುವ ಗದ್ಯವು ಸಾವಿರಾರು ಜನರ ಸಭೆಯನ್ನು ಮೌನವಾಗಿ ಕುಳ್ಳಿರಿಸಬಲ್ಲದು ಎಂಬುದನ್ನು ಈ ವಾಕ್ಚಿತ್ರವು ತೋರಿಸಿಕೊಟ್ಟಿತು. ಭರತನು ನಾಟ್ಯದ ಶರೀರವೆಂದು ಕರೆದ ವಾಕ್ಕಿಗೆ ತಮಿಳು ಚಿತ್ರರಂಗದಲ್ಲಿ ಪೂರ್ಣವಾದ ಶರೀರವು ದೊರೆತುದು ಅಲ್ಲಿಯೇ. ಆ ಕಾರಣದಿಂದ ‘ಪರಾಶಕ್ತಿ’ಯನ್ನು ತಮಿಳು ಗದ್ಯದ ಚರಿತ್ರೆಯಲ್ಲಿ, ಇಳಂಗೋವನ್ ಅಣ್ಣಾದುರೈಗಳ ಕೃತಿಗಳ ಸಾಲಿನಲ್ಲಿಯೇ ಇಟ್ಟು, ಅದರ ಗುಣದೋಷಗಳೆರಡನ್ನೂ ತೂಗಿ ಪಾಠಹೇಳತಕ್ಕುದು ಯುಕ್ತವಾಗಿದೆ.